ಹೊಣೆಗಾರಿಕೆಗೂ ವಿಮೆಯೇ?

ಲಾರಿಯೊಂದು ಪಾದಚಾರಿಗೆ ಬಡಿದರೆ ವಿಮಾ ಕಂಪೆನಿ ಪರಿಹಾರ ಕೊಡುತ್ತದೆ. ಆದರೆ ಚಾಲಕನ ಪರವಾಗಿ ಅದು ಜೈಲಿಗೆ ಹೋಗುವುದಿಲ್ಲ. ಪರಿಹಾರ ಬೇರೆ, ತಪ್ಪಿನ ಹೊಣೆ ಬೇರೆ ಎಂಬುದು ಇಲ್ಲಿ ಎಲ್ಲರಿಗೂ ಸ್ಪಷ್ಟ. ತಪ್ಪಿದವರು ದೊಡ್ಡ ಕಂಪೆನಿಯ ನಿರ್ದೇಶಕರಾದರೆ ಮಾತ್ರ ಈ ಗೆರೆ ಮಸುಕಾಗಿಬಿಡುತ್ತದೆ.

ನಿರ್ದೇಶಕರ ಮತ್ತು ಉನ್ನತ ಅಧಿಕಾರಿಗಳ ತೀರ್ಮಾನದಿಂದ ನಷ್ಟವಾಯಿತೆಂದು ಯಾರಾದರೂ ದಾವೆ ಹೂಡಿದರೆ ವಕೀಲರ ಖರ್ಚನ್ನೂ ಪರಿಹಾರದ ಮೊತ್ತವನ್ನೂ ಭರಿಸುವ ವಿಮೆಯೊಂದಿದೆ. ಅದರ ಕಂತನ್ನು ಸಾಮಾನ್ಯವಾಗಿ ಕಂಪೆನಿಯೇ ಕಟ್ಟುತ್ತದೆ. ಅಂದರೆ ಅದು ಶೇರುದಾರರ ಹಣ. ನಾಳೆ ದಾವೆ ಹೂಡುವವರೂ ಎಷ್ಟೋ ಸಲ ಅದೇ ಶೇರುದಾರರು!

ಹಾಗೆಂದು ಈ ವಿಮೆಯನ್ನು ಸಾರಾಸಗಟಾಗಿ ತಪ್ಪೆನ್ನಲಾಗದು. ಪ್ರಾಮಾಣಿಕನ ಲೆಕ್ಕಾಚಾರವೂ ಕೆಲವೊಮ್ಮೆ ತಪ್ಪುತ್ತದೆ. ಅದಕ್ಕಾಗಿ ಮನೆಮಠ ಕಳೆದುಕೊಳ್ಳಬೇಕೆಂದರೆ ಸಜ್ಜನರು ಆ ಕುರ್ಚಿಯ ಹತ್ತಿರವೂ ಸುಳಿಯಲಾರರು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಲಿಸ್ಟೆಡ್ ಕಂಪೆನಿಗಳು ತಮ್ಮ ಸ್ವತಂತ್ರ ನಿರ್ದೇಶಕರಿಗೆ ಈ ವಿಮೆ ಮಾಡಿಸುವುದನ್ನು ಸೆಬಿ 2022ರ ಜನವರಿಯಿಂದ ಕಡ್ಡಾಯಗೊಳಿಸಿದೆ.

ಆದರೆ ಪ್ರಾಮಾಣಿಕನಿಗೆ ಹಿಡಿದ ಕೊಡೆಯ ಕೆಳಗೆ ವಂಚಕನೂ ನಿಲ್ಲಬಹುದಲ್ಲವೇ? ವಂಚನೆಗೆ ವಿಮೆಯಿಲ್ಲವೆಂದು ಪಾಲಿಸಿಯಲ್ಲೇ ಬರೆದಿರುತ್ತದೆ, ನಿಜ. ಆದರೆ ಸಾಮಾನ್ಯವಾಗಿ ನ್ಯಾಯಾಲಯ ಅಂತಿಮವಾಗಿ ಹಾಗೆಂದು ತೀರ್ಮಾನಿಸಿದ ಮೇಲೆಯೇ ಆ ಷರತ್ತು ಅನ್ವಯವಾಗುವುದು. ಎಷ್ಟೋ ಪ್ರಕರಣಗಳು ಅದಕ್ಕೆ ಮುಂಚೆಯೇ ರಾಜಿಯಲ್ಲಿ ಮುಗಿದುಹೋಗುತ್ತವೆ.

ಅಮೆರಿಕದ ಎನ್ರಾನ್ ಕಂಪೆನಿಯನ್ನೇ ನೋಡಿ. ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಯೋಜನೆಯಿಂದಾಗಿ ಅದರ ಹೆಸರು ನಮಗೂ ಪರಿಚಿತ. ಸುಳ್ಳು ಲೆಕ್ಕಗಳ ಮೇಲೆ ನಿಂತಿದ್ದ ಅದು 2001ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಸಾವಿರಾರು ನೌಕರರು ಕೆಲಸವನ್ನಷ್ಟೇ ಅಲ್ಲ, ಕಂಪೆನಿಯ ಶೇರುಗಳಲ್ಲಿದ್ದ ನಿವೃತ್ತಿಯ ಉಳಿತಾಯವನ್ನೂ ಕಳೆದುಕೊಂಡರು. 2005ರಲ್ಲಿ ಮಾಜಿ ನಿರ್ದೇಶಕರು ಶೇರುದಾರರೊಂದಿಗೆ 16.8 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡರು. ಅದರಲ್ಲಿ 15.5 ಕೋಟಿ ವಿಮೆಯದು. ಹತ್ತು ಮಂದಿ ನಿರ್ದೇಶಕರು ಸ್ವಂತ ಜೇಬಿನಿಂದ ಕೊಡಲು ಒಪ್ಪಿದ್ದು 1.3 ಕೋಟಿ.

ನೊಂದವರಿಗೆ ಹೆಚ್ಚು ನೆರವಾದದ್ದು ವಿಮೆಯ ಹಣವೇ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೂ ನೈತಿಕತೆಯ ತಕ್ಕಡಿಯಲ್ಲಿ ಆ ಚಿಕ್ಕ ಮೊತ್ತವೇ ಹೆಚ್ಚು ತೂಗುತ್ತದೆ. ಏಕೆಂದರೆ ದೊಡ್ಡ ಮೊತ್ತ ನಷ್ಟದ ಒಂದಂಶವನ್ನು ತುಂಬಿತೇ ವಿನಾ ಕಾವಲಿಗಿದ್ದವರನ್ನು ತಟ್ಟಲಿಲ್ಲ. ತಟ್ಟಿದ್ದು ಚಿಕ್ಕ ಮೊತ್ತ ಮಾತ್ರ.

ನಮ್ಮ 2013ರ ಕಂಪೆನಿ ಕಾಯ್ದೆಯಲ್ಲೂ ಈ ವಿವೇಕದ ಸುಳಿವಿದೆ. ಕಂಪೆನಿ ಕಟ್ಟಿದ ವಿಮೆಯ ಕಂತನ್ನು ನಿರ್ದೇಶಕನ ಸಂಭಾವನೆಯೆಂದು ಅದು ಎಣಿಸುವುದಿಲ್ಲ. ಆದರೆ ಆತ ತಪ್ಪಿತಸ್ಥನೆಂದು ಸಾಬೀತಾದರೆ ಆ ಕಂತು ಆತನ ಸಂಭಾವನೆಯ ಲೆಕ್ಕಕ್ಕೇ ಸೇರುತ್ತದೆ.

ನಷ್ಟವನ್ನು ಹಲವರು ಹಂಚಿಕೊಳ್ಳಬಹುದು. ತಪ್ಪನ್ನು ಹಾಗೆ ಹಂಚಲಾಗದು. ಇತರರ ದುಡ್ಡಿಗೆ ಕಾವಲು ನಿಂತವನು ಎಚ್ಚರ ತಪ್ಪಿದಾಗ ಅದರ ಒಂದು ಪಾಲಾದರೂ ಅವನದೇ ಜೇಬಿನಿಂದ ಬರಬೇಕು. ಇಲ್ಲವಾದರೆ ಕಂತು ಕಟ್ಟಿದವರೂ ನಾವು, ಕಳೆದುಕೊಂಡವರೂ ನಾವು ಎಂದಾಗುವುದಿಲ್ಲವೇ?