ಏಳು ಒಂದಾದ ದಿನ

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು. ನಮ್ಮಪ್ಪ ಹಾವೇರಿ ಕಡೆಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಳೆಯುವವನು ಕೂಗಬೇಕು, ರೈತ ಕೂತಲ್ಲಿಂದ ‘ಹೂಂ’ ಅನ್ನಬೇಕು, ಆಮೇಲೆ ಅಪ್ಪನ ಪೆನ್ನು ಓಡಬೇಕು. ಸೂಟಿಯಲ್ಲಿ ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಎಣಿಸುತ್ತಿದ್ದರೆ, “ಬಾಯಿಲೆ ಎಣಸೋ ತಮ್ಮಾ, ನೀ ಒಬ್ಬಾಂವ ಎಣಿಸಿದ್ರ ಅದು ಲೆಕ್ಕ ಅಲ್ಲ” ಅನ್ನುತ್ತಿದ್ದರು. ಈ ಮಾತು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಡೊಂಬಿವಲಿಯ ಒಂದು ಮೈದಾನದಲ್ಲಿ, ಕ್ರಿಕೆಟ್ಟಿನ ದೆಸೆಯಿಂದ.

ಡಿಪ್ಲೊಮಾ ಮುಗಿಸಿ ಮುಂಬಯಿ ಕಡೆ ಬಂದ ನನಗೆ ಆಟ ಬರುತ್ತಿರಲಿಲ್ಲ, ನೋಡುವ ಹುಚ್ಚು ಮಾತ್ರ ಇತ್ತು. ಕಾರ್ಖಾನೆಯಲ್ಲಿ ಮಶೀನು ರಿಪೇರಿ, ಲೋಕಲ್ ರೈಲಿನಲ್ಲಿ ನೇತಾಟ, ಭಾನುವಾರ ಮೈದಾನದ ಅಂಚು. ಹದಿನೈದು ವರ್ಷ ಅಂಚಿನಲ್ಲೇ ನಿಂತಿದ್ದೆ ಅನ್ನಿ. ಅಲ್ಲಿನ ಕ್ಲಬ್ಬಿನವರು ನನ್ನನ್ನು ‘ಅಣ್ಣಾ’ ಅನ್ನುತ್ತಿದ್ದರು. ದಕ್ಷಿಣದ ಕಡೆಯವನು ಯಾರೇ ಆಗಲಿ, ಹೋಟೆಲಿನ ಮಾಲಿಕನಾಗಲಿ ಮಾಣಿಯಾಗಲಿ, ಅಲ್ಲಿ ಅಣ್ಣಾ. ಮರಾಠಿಯಲ್ಲಿ ಮನೆಯ ಹಿರಿಯರಿಗೂ ಅಣ್ಣಾ ಅಂತಾರೆ. ಯಾವ ಅಣ್ಣಾ ಅನ್ನುವುದನ್ನು ದನಿಯಿಂದಲೇ ತಿಳಿದುಕೊಳ್ಳಬೇಕು. ನನ್ನದು ಬಹುಕಾಲ ಮೊದಲನೆಯದು.

ಅದು ಬದಲಾದದ್ದು 2016ರಲ್ಲಿ. ಕ್ಲಬ್ಬಿನ ಸ್ಕೋರ್ ಬೋರ್ಡೆಂದರೆ ಮರದ ಹಲಗೆ, ಮೊಳೆ, ಅಂಕಿ ಬರೆದ ತಗಡಿನ ತುಂಡು. ಗಾಳಿ ಬಂದರೆ ತಗಡು ಹಾರುತ್ತಿತ್ತು. ಬ್ಯಾಟ್ಸ್‌ಮನ್ನರು ಅದನ್ನು ನೋಡುತ್ತಲೂ ಇರಲಿಲ್ಲ, “ಕಾಕಾ, ಕಿತೀ?” ಅಂತ ಕೂಗುತ್ತಿದ್ದರು. ಸ್ಕೋರು ಬರೆಯುವ ಕಾಕಾ ಡೇರೆಯಿಂದ ಉತ್ತರ ಕೂಗುತ್ತಿದ್ದರು. ಒಂದು ದಿನ ನಾನೇ ಹೋಗಿ, ಲೈಟಿನ ಬೋರ್ಡು ಮಾಡಿ ಕೊಡಲೇ ಅಂತ ಕೇಳಿದೆ. ಅಧ್ಯಕ್ಷರು ನಕ್ಕು, “ಮೂರು ಅಂಕಿ ಸಾಕೇ ಅಣ್ಣಾ?” ಅಂದರು. ಆ ಜನವರಿಯಲ್ಲಷ್ಟೇ ಪಕ್ಕದ ಕಲ್ಯಾಣದಲ್ಲಿ ಪ್ರಣವ್ ಧನವಡೆ ಎಂಬ ಶಾಲಾ ಹುಡುಗ ಔಟಾಗದೆ 1009 ಹೊಡೆದಿದ್ದ. ನಮ್ಮ ಕ್ಲಬ್ಬಿಗೆ ಮೂರು ಧಾರಾಳ ಅಂದೆ.

ಲ್ಯಾಮಿಂಗ್ಟನ್ ರಸ್ತೆಗೆ ನಾಲ್ಕು ಸಲ ಹೋಗಿಬಂದೆ. ರನ್ನಿಗೆ ಮೂರು ಅಂಕಿ, ವಿಕೆಟ್ಟಿಗೆ ಒಂದು, ಓವರಿಗೆ ಎರಡು, ಗುರಿಗೆ ಮೂರು, ಒಟ್ಟು ಒಂಬತ್ತು. ಒಂದೊಂದು ಅಂಕಿಗೂ ಏಳು ಬೆಳಕಿನ ಕಡ್ಡಿ. 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಮೂರು ದೀಪಕ್ಕೊಮ್ಮೆ ಕತ್ತರಿಸಬಹುದು. ಹಾಗೆ ಒಂದೊಂದು ಗೇಣು ಕತ್ತರಿಸಿ ಕಪ್ಪು ಬಳಿದ ಹಲಗೆಗೆ ಅಂಟಿಸಿದೆ. ಯುಎಲ್‌ಎನ್ 2003 ಅಂತ ಒಂದು ಚಿಪ್ಪಿದೆ, ಅದರಲ್ಲಿ ಸರಿಯಾಗಿ ಏಳು ಸ್ವಿಚ್ಚು. ಅಂಕಿಗೊಂದು ಚಿಪ್ಪು. ಎಲ್ಲಕ್ಕೂ ಅಪ್ಪಣೆ ಕೊಡಲು ಒಂದು ಆರ್ಡುಯಿನೊ, ಒತ್ತಲು ಗುಂಡಿಗಳ ಡಬ್ಬಿ, ಡಬ್ಬಿಯ ಮೇಲೆ ಪುಟ್ಟ ಪರದೆ. 63 ಕಡ್ಡಿ, ಕಡ್ಡಿಗೆ ಎರಡರಂತೆ 126 ಬೆಸುಗೆ. ಬಾಲ್ಕನಿಯಲ್ಲಿ ಹೊಗೆ ಕುಡಿದದ್ದಷ್ಟೇ ಅಲ್ಲ, ಹೆಂಡತಿಯ ಬೈಗುಳವನ್ನೂ ಕುಡಿದೆ. ಮೊದಲ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಅಂಕಿಯೂ ಕಾಣಲಿಲ್ಲ. ಹಂಚಿನ ಮನೆಯ ಸೂರಿನ ಹಾಗೆ ಮೇಲೊಂದು ಮರೆ ಕಟ್ಟಿದ ಮೇಲೆ ಸರಿಹೋಯಿತು.

ನಿಜ ಹೇಳಬೇಕೆಂದರೆ, ಬೋರ್ಡು ಬೆಳಗಿದ್ದಕ್ಕಿಂತ ಹೆಚ್ಚಾಗಿ ನಾನೇ ಬೆಳಗಿದೆ. ಡೇರೆಯೊಳಗೆ ಕುರ್ಚಿ ಬಂತು. ವಡಾಪಾವ್ ಹಂಚುವಾಗ ನನ್ನ ಪಾಲು ಎತ್ತಿಡುತ್ತಿದ್ದರು. ಅಣ್ಣಾ ಅನ್ನುವ ದನಿ ಎರಡನೆಯ ಕಡೆಗೆ ವಾಲಿತು. ಆಗ ನಾನು ಗಮನಿಸದ ಇನ್ನೊಂದು ಬದಲಾವಣೆಯೂ ಆಯಿತು. “ಕಾಕಾ, ಕಿತೀ?” ನಿಂತುಹೋಯಿತು. ಬೋರ್ಡು ಇದೆಯಲ್ಲ, ಕೇಳುವುದೇಕೆ?

2017ರ ನವೆಂಬರಿನ ಒಂದು ಭಾನುವಾರ. ಬೆಳಿಗ್ಗೆ ಎಲ್ಲ ಅಂಕಿಗಳಲ್ಲೂ 8 ಬರಿಸಿ ಪರೀಕ್ಷೆ ಮಾಡುವಾಗ ಗುರಿಯ ಕೊನೆಯ ಅಂಕಿಯಲ್ಲಿ ಮೇಲಿನ ಕಡ್ಡಿ ಮಿಣುಕಿತು. ಬೆಸುಗೆ ಸಡಿಲ. ಹೆಬ್ಬೆರಳಿನಿಂದ ಒತ್ತಿದೆ, ನಿಂತಿತು. ಅಧ್ಯಕ್ಷರು ಎದುರು ತಂಡದವರನ್ನು ಕರೆತಂದು, “ನಮ್ಮ ಅಣ್ಣಾ ಕೈಯಾರೆ ಮಾಡಿದ್ದು” ಅಂತ ತೋರಿಸುತ್ತಿದ್ದರು. ಆ ಹೊತ್ತಿನಲ್ಲಿ, ಇದೊಂದು ಕಡ್ಡಿ ಸರಿಯಿಲ್ಲ ಅನ್ನಲು ಬಾಯಿ ಬರಲಿಲ್ಲ.

30 ಓವರಿನ ಆಟ. ಅವರು 146 ಹೊಡೆದರು, ನಮ್ಮ ಗುರಿ 147. ಕೊನೆಯ ಓವರಿಗೆ ನಾವು ಎಂಟು ವಿಕೆಟ್ಟಿಗೆ 138. ಒಂಬತ್ತು ರನ್ ಬೇಕು. ಕ್ರೀಸಿನಲ್ಲಿ ಹದಿನೇಳರ ಒಬ್ಬ ಹುಡುಗ, ಅವನ ಜೊತೆ ಗುರಿ ಎಷ್ಟೆಂದು ಎಂದೂ ತಲೆಕೆಡಿಸಿಕೊಳ್ಳದ ನಮ್ಮ ವೇಗದ ಬೌಲರ್. ಮೊದಲೆರಡು ಚೆಂಡಿಗೆ ಒಂದೊಂದು ರನ್. ಮೂರನೆಯದನ್ನು ಹುಡುಗ ಜೋಪಾನವಾಗಿ ತಡೆದ. ನಾಲ್ಕನೆಯದನ್ನೂ ತಡೆದ! ಡೇರೆಯಲ್ಲಿ ಎಲ್ಲರೂ ಎದ್ದು ‘ಮಾರ್, ಮಾರ್’ ಅಂತ ಕಿರುಚಿದರು. ಪಕ್ಕದಲ್ಲೇ ಇನ್ನೆರಡು ಪಂದ್ಯ ನಡೆದಿದ್ದ ಆ ಗದ್ದಲದಲ್ಲಿ ಅವನಿಗೆ ಅದು ಖುಷಿಯ ಕೂಗಾಗಿ ಕೇಳಿತಂತೆ. ಐದನೆಯದನ್ನು ಮೆಲ್ಲಗೆ ತಳ್ಳಿ ಓಡಿ, ಬ್ಯಾಟು ಎತ್ತಿ ಹಿಡಿದ. 141. ಒಂದು ಚೆಂಡು, ಆರು ರನ್. ಅಂಪೈರ್ ಹೇಳಿದಾಗ ಹುಡುಗನ ಮುಖ ದೂರದಿಂದಲೂ ಕಾಣುವಂತಿತ್ತು. ಕೊನೆಯ ಚೆಂಡಿಗೆ ಒಂದು ರನ್ ಬಂತು. ನಾಲ್ಕು ರನ್ನಿನಿಂದ ಸೋತೆವು.

ಬೋರ್ಡಿನ ಬೆನ್ನು ನಮ್ಮ ಕಡೆ, ಮುಖ ಮೈದಾನದ ಕಡೆ. ನನ್ನ ಡಬ್ಬಿಯ ಪರದೆಯಲ್ಲಿ 147 ಸರಿಯಾಗಿಯೇ ಇತ್ತು. ಸುತ್ತುಹಾಕಿ ಮುಂದೆ ಹೋಗಿ ನೋಡಿದೆ. 141 ಅಂತ ಸ್ವಚ್ಛವಾಗಿ ಉರಿಯುತ್ತಿದೆ. ಏಳರ ತಲೆಯ ಕಡ್ಡಿ ಹೋದರೆ ಉಳಿಯುವುದು ಒಂದೇ ನೋಡಿ. ಬೋರ್ಡು ಪೂರಾ ಆರಿಹೋಗಿದ್ದರೆ ಯಾರಾದರೂ ಕೇಳುತ್ತಿದ್ದರು. ಅರ್ಧ ಅಂಕಿ ಕಂಡಿದ್ದರೂ ಕೇಳುತ್ತಿದ್ದರು. ಇದು ಸುಳ್ಳಾಗಿದ್ದರೂ ಪೂರ್ತಿ ಅಂಕಿಯಾಗಿತ್ತು.

ಇಷ್ಟಾದರೆ ಅದು ತಪ್ಪು, ಪಾಪವಲ್ಲ ಅನ್ನಬಹುದಿತ್ತು. ಆದರೆ ನನ್ನ ಕೈ ತಾನಾಗಿ ಹೋಗಿ ಹಲಗೆಯನ್ನು ತಟ್ಟಿತು. ಕಡ್ಡಿ ಹೊತ್ತಿಕೊಂಡಿತು. ಹಿಂದೆ ಬಂದು ಸ್ವಿಚ್ ಆರಿಸಿದೆ. ಅಷ್ಟರಲ್ಲಿ ಹುಡುಗ ಓಡಿಬಂದು, “ಬೋರ್ಡಿನಲ್ಲಿ 141 ಇತ್ತು” ಅಂದ. ಎಲ್ಲರೂ ಮುಂದೆ ಹೋದರು. “ಅಣ್ಣಾ, ಹಾಕಿ ನೋಡೋಣ” ಅಂದರು. ಹಾಕಿದೆ. 147. ನಕ್ಕರು. ನಾನು ನಗಲಿಲ್ಲ, ಆದರೆ ಮಾತೂ ಆಡಲಿಲ್ಲ.

ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಅನ್ನುವುದನ್ನು ಮೆಲ್ಲಗೆ ಹೇಳಿದನಂತೆ. ನೆಲದಿಂದ ಮೇಲೆ ನಿಲ್ಲುತ್ತಿದ್ದ ಅವನ ರಥ ಅದಕ್ಕೇ ನೆಲಕ್ಕಿಳಿಯಿತು. ಅವನಾದರೂ ಮೆಲ್ಲಗೆ ಹೇಳಿದ.

ಆ ವಾರವೆಲ್ಲ ರೈಲಿನಲ್ಲಿ ನನ್ನೊಳಗೇ ವಾದ ನಡೆಯಿತು. ಎದುರು ತಂಡದ ನಾಯಕ ಬೋರ್ಡಿನ ಕಡೆ ಮುಖ ಮಾಡಿಯೇ ನಿಂತಿದ್ದನಲ್ಲ, ಅವನು ಹೇಳಲಿಲ್ಲ. ಅವನದೂ ಮೌನ ತಾನೇ? ಅಲ್ಲ, ಅವನು ಆಟದೊಳಗಿದ್ದ, ನಾನು ಆಟ ಮುಗಿದ ಮೇಲೆ ಸುಮ್ಮನಿದ್ದೆ. ಫಲಿತಾಂಶ ಹೇಗೂ ಬದಲಾಗುವುದಿಲ್ಲ. ಅಂಪೈರರೂ ಸ್ಕೋರರರೂ ಕೊನೆಗೆ ಲೆಕ್ಕ ಒಪ್ಪಿದ ಮೇಲೆ ನಿಯಮದ ಪ್ರಕಾರ ಅದು ಮುಗಿದಂತೆ. ಮತ್ತೆ ಹೇಳಿ ಏನು ಪ್ರಯೋಜನ? ಈ ಪ್ರಶ್ನೆಗಳೆಲ್ಲ ನ್ಯಾಯದ ವೇಷದಲ್ಲಿ ಬರುತ್ತಿದ್ದವು. ಒಳಗಿದ್ದದ್ದು ಕುರ್ಚಿಯ ಆಸೆ. ಪರಊರಿನಲ್ಲಿ ಉಪಯೋಗಕ್ಕೆ ಬಂದು ಜಾಗ ಸಂಪಾದಿಸಿದವನಿಗೆ, ತಾನು ಉಪಯೋಗಕ್ಕೆ ಬಾರದ ದಿನವನ್ನು ಒಪ್ಪಿಕೊಳ್ಳುವುದು ಕಷ್ಟ. ಅಲ್ಲೇ ಹುಟ್ಟಿದವನು ಎಡವಿದರೆ ಎಡವಿದ ಅಂತಾರೆ. ನಾನು ಎಡವಿದರೆ? ಅವರು ಏನೂ ಅನ್ನದೆಯೂ ಇರಬಹುದಿತ್ತು. ಆ ಅವಕಾಶವನ್ನು ಅವರಿಗೆ ನಾನೇ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ತಂಡದ ಪಟ್ಟಿಯಲ್ಲಿ ಹುಡುಗನ ಹೆಸರಿರಲಿಲ್ಲ. ಅಧ್ಯಕ್ಷರ ಹತ್ತಿರ ಹೋಗಿ ಎಲ್ಲ ಹೇಳಿದೆ, ತಟ್ಟಿದ್ದನ್ನೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ಬಿಡಿ ಅಣ್ಣಾ, ಈಗ ಹೇಳಿದರೆ ಬೋರ್ಡನ್ನು ಯಾರೂ ನಂಬುವುದಿಲ್ಲ” ಅಂದರು. ಅದೂ ಒಂದು ನೀತಿಯೇ. ಆದರೆ ಬೋರ್ಡನ್ನು ನಂಬಬೇಕೆಂದು ಹುಡುಗನನ್ನು ನಂಬದೆ ಇರುವುದು ಹೇಗೆ?

ಹುಡುಗ ಅಂಚಿನಲ್ಲಿ ನಿಂತಿದ್ದ, ನಾನು ಹಿಂದೆ ನಿಲ್ಲುತ್ತಿದ್ದ ಕಡೆಯೇ. ಅವನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು, “ಅಂದರೆ ಇತ್ತು ಅಲ್ವಾ ಅಣ್ಣಾ? ನಾನು ಗುರುವಾರ ಹೋಗಿ ಕಣ್ಣು ತೋರಿಸಿಕೊಂಡು ಬಂದೆ. ಡಾಕ್ಟರು ಏನೂ ಆಗಿಲ್ಲ ಅಂದರು, ಆದರೂ ಭಯ ಇತ್ತು” ಅಂದ. ಸೋಲಿನ ಮಾತು ಎತ್ತಲೇ ಇಲ್ಲ. ನಾನು ಅವನಿಂದ ಒಂದು ಪಂದ್ಯ ಕಿತ್ತುಕೊಂಡೆ ಅಂತ ಲೆಕ್ಕ ಹಾಕಿದ್ದೆ. ಅವನ ಲೆಕ್ಕದಲ್ಲಿ ಹೋದದ್ದು ಬೇರೆ.

ಸಂಜೆ ಡೇರೆಯಲ್ಲಿ ಎಲ್ಲರೆದುರೂ ಹೇಳಿದೆ. ಅಧ್ಯಕ್ಷರು ಮುಖ ತಿರುಗಿಸಿದರು. ಒಂದಿಬ್ಬರು ನಕ್ಕರು. ಕಾಕಾ ಮಾತ್ರ ಪುಸ್ತಕ ಮುಚ್ಚುತ್ತಾ, ಅಂಪೈರ್ ಸನ್ನೆ ಮಾಡಿದರೆ ಸ್ಕೋರರ್ ತಿರುಗಿ ಸನ್ನೆ ಮಾಡುವ ತನಕ ಆಟ ಮುಂದುವರಿಯಬಾರದೆಂಬ ನಿಯಮವಿದೆ, ನಿನ್ನ ಬೋರ್ಡು ಯಾರಿಗೆ ಸನ್ನೆ ಮಾಡುತ್ತದೆ ಅಂತ ಕೇಳಿದರು. ನಿಜ. ನನ್ನ ತಂತಿಗಳಲ್ಲಿ ಅಪ್ಪಣೆ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಕಡ್ಡಿ ಹೊತ್ತಿತೋ ಇಲ್ಲವೋ ಎಂದು ತಿರುಗಿ ಹೇಳುವವರಿರಲಿಲ್ಲ. ಹೂಂ ಅನ್ನುವ ರೈತ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

126 ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕಿದೆ. ಬೋರ್ಡಿನ ಮುಖ ಡೇರೆಯಿಂದ ಕಾಣುವಂತೆ ಎದುರಿಗೆ ಒಂದು ಹಳೆಯ ಕನ್ನಡಿ ಕಟ್ಟಿದೆ. ಅಂಕಿ ತಿರುಗಾಮುರುಗಾ ಕಾಣುತ್ತದೆ, ರೂಢಿಯಾಯಿತು. ಓವರ್ ಮುಗಿದಾಗಲೆಲ್ಲ ಕಾಕಾ ಕೂಗುತ್ತಾರೆ, ಬ್ಯಾಟ್ಸ್‌ಮನ್ ಕೈ ಎತ್ತುತ್ತಾನೆ. ಹುಡುಗ ಮೂರು ಭಾನುವಾರದ ಮೇಲೆ ತಂಡಕ್ಕೆ ಮರಳಿದ. ಅವನು ಆಡಲು ಇಳಿದಾಗ ಮೊದಲು ನನ್ನ ಬೋರ್ಡಿನ ಕಡೆ ನೋಡುತ್ತಿದ್ದ, ಆಮೇಲೆ ಡೇರೆಯ ಕಡೆ ತಿರುಗಿ, ಮೂರು ಪಂದ್ಯಕ್ಕೂ ಕೇಳುವಷ್ಟು ಗಟ್ಟಿಯಾಗಿ, “ಕಾಕಾ, ಕಿತೀ?” ಅನ್ನುತ್ತಿದ್ದ.