ಕೆಣಕುವ ದನಿ ಮತ್ತು ಮರುಮಾತಿನ ಹಕ್ಕು

ಕನ್ನಡದ ರೇಡಿಯೊ ಹುಟ್ಟಿದ್ದು 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ. ಅಂದಿನಿಂದ ಇಂದಿನವರೆಗೆ ಮೈಕಿನ ಮುಂದೆ ಕೂತು ಧರ್ಮವನ್ನೋ ಸರ್ಕಾರವನ್ನೋ ಕೆಣಕಿ, ಆ ಕೆಣಕಿನಿಂದಲೇ ಮನೆಮಾತಾದ ನಿರೂಪಕನನ್ನು ಕನ್ನಡದ ರೇಡಿಯೊ ಬೆಳೆಸಲಿಲ್ಲ. ಇದಕ್ಕೆ ಕನ್ನಡಿಗರ ಸೌಮ್ಯ ಸ್ವಭಾವ ಕಾರಣವಲ್ಲ, ನಿಯಮ ಕಾರಣ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಚನ್ನಗಿರಿ ಸೀಮೆಯ ಕೆರೆಬಿಳಚಿಯಂಥ ಊರುಗಳು ಅಡಿಕೆ ಸುಲಿಯುತ್ತ, ಗದ್ದೆಗೆ ನೀರು ಕಟ್ಟುತ್ತ ಕೇಳಿಕೊಂಡು ಬಂದವು. ಬೆಳಗಿನ ಚಿಂತನ, ವಾರ್ತೆ, ರೈತರ ಕಾರ್ಯಕ್ರಮ, ಚಿತ್ರಗೀತೆ, ಎಲ್ಲವೂ ಒಂದು ಸಂಹಿತೆಗೆ ಒಳಪಟ್ಟವು. ಮತಧರ್ಮಗಳ ಮೇಲೆ ದಾಳಿ ಕೂಡದು, ಮಾನಹಾನಿ ಕೂಡದು, ಅಶ್ಲೀಲ ಕೂಡದು ಎನ್ನುತ್ತದೆ ಅದು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಬಂತು, ಆದರೆ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬ ಷರತ್ತಿನೊಡನೆ. ರಾಜ್ಯ, ಧರ್ಮ ಎರಡನ್ನೂ ಮುಟ್ಟಲಾಗದ ನಿರೂಪಕರಿಗೆ ಉಳಿದದ್ದು ಸಿನಿಮಾ ಹರಟೆ ಮತ್ತು ಅಪರಿಚಿತರಿಗೆ ಫೋನು ಮಾಡಿ ಬಕ್ರಾ ಮಾಡುವ ತಮಾಷೆ. ದೊಡ್ಡವರನ್ನು ಕೆಣಕಬಾರದು, ಬಡಪಾಯಿಯನ್ನು ಕೆಣಕಬಹುದು ಎಂಬ ವಿಚಿತ್ರ ನ್ಯಾಯ ಹೀಗೆ ನಿಂತಿತು.

ನಿಯಮ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅಮೆರಿಕದಲ್ಲಿ ಉದಾಹರಣೆ ಇದೆ, ಅದೂ ಧರ್ಮಪೀಠದಿಂದಲೇ. ಡೆಟ್ರಾಯಿಟ್ ಪಕ್ಕದ ರಾಯಲ್ ಓಕ್ ಎಂಬ ಊರಿನ ಕ್ಯಾಥೊಲಿಕ್ ಪಾದ್ರಿ ಚಾರ್ಲ್ಸ್ ಕಾಫ್ಲಿನ್ 1926ರಲ್ಲಿ ರೇಡಿಯೊಗೆ ಬಂದದ್ದು ಉಪದೇಶ ಮಾಡಲು. 1929ರ ಆರ್ಥಿಕ ಕುಸಿತದ ನಂತರ ಅವನ ಬಾಯಿ ಬ್ಯಾಂಕುಗಳತ್ತ ತಿರುಗಿತು, ಕೇಳುಗರೂ ಬೆಳೆದರು. 1930ರಲ್ಲಿ ಸಿಬಿಎಸ್ ಜಾಲ ಅವನ ದನಿಯನ್ನು ದೇಶಕ್ಕೆಲ್ಲ ಮುಟ್ಟಿಸಿತು. ಮರುವರ್ಷ ಆ ಜಾಲ ಕೈಬಿಟ್ಟಾಗ, ಕೇಳುಗರು ಕಳಿಸಿದ ಕಾಣಿಕೆ ಹಣದಲ್ಲಿ ನಿಲಯಗಳ ಹೊತ್ತನ್ನು ಕೊಂಡು ಅವನು ತನ್ನದೇ ಜಾಲ ಕಟ್ಟಿದ. ಉಚ್ಛ್ರಾಯದಲ್ಲಿ ಅವನ ಕೇಳುಗರು 3 ಕೋಟಿಯವರೆಗೆ ಇದ್ದರೆಂಬ ಅಂದಾಜಿದೆ. ಮೊದಲು ಅಧ್ಯಕ್ಷ ರೂಸ್‌ವೆಲ್ಟರನ್ನು ಹೊಗಳಿದ, ಆಮೇಲೆ ಬೈದ, ಕೊನೆಗೆ ಯಹೂದಿಗಳ ಮೇಲೆ ಬಿದ್ದ. 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಮಂದಿರಗಳು ಸುಟ್ಟ ಕೆಲವೇ ದಿನಗಳಿಗೆ ಅವನು ಆ ಹಿಂಸೆಗೆ ಸಮಜಾಯಿಷಿ ಕೊಡುವಂಥ ಭಾಷಣ ಮಾಡಿದ. ನ್ಯೂಯಾರ್ಕಿನ ಒಂದು ನಿಲಯ ಅವನ ಮುಂದಿನ ಪ್ರಸಾರವನ್ನು ನಿರಾಕರಿಸಿತು. 1939ರಲ್ಲಿ ಪ್ರಸಾರಕರ ಸಂಘವೇ ವಿವಾದದ ಭಾಷಣಗಳಿಗೆ ಹೊತ್ತು ಮಾರುವುದನ್ನು ಮಿತಿಗೊಳಿಸಿತು. 1942ರಲ್ಲಿ ಬಿಷಪ್ಪರ ಆಜ್ಞೆ ಬಂದ ಮೇಲೆ ಅವನು ರಾಜಕೀಯದ ಮಾತು ನಿಲ್ಲಿಸಿ ಚರ್ಚಿನ ಕೆಲಸಕ್ಕೆ ಮರಳಿದ.

ಕಾಫ್ಲಿನ್ನನ ವಾಕ್ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಲಾಯಿತೇ? ಹೌದೆಂದು ಅವನ ಭಕ್ತರು ಬೀದಿಗಿಳಿದರು. ಈ ಪ್ರಶ್ನೆಯನ್ನು ತೂಗಲು ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಕೊಟ್ಟ ದೃಷ್ಟಾಂತ ಒಂದು ಮಟ್ಟಿಗೆ ಒದಗುತ್ತದೆ. ಧಾನ್ಯದ ವ್ಯಾಪಾರಿಗಳು ಬಡವರ ಹೊಟ್ಟೆಯ ಮೇಲೆ ಹೊಡೆಯುವವರು ಎಂದು ಪತ್ರಿಕೆಯಲ್ಲಿ ಬರೆದರೆ ಅದು ಅಭಿಪ್ರಾಯ. ಅದೇ ಮಾತನ್ನು ವ್ಯಾಪಾರಿಯ ಮನೆ ಮುಂದೆ ಕುದಿಯುತ್ತಿರುವ ಗುಂಪಿಗೆ ಹೇಳಿದರೆ ಶಿಕ್ಷಾರ್ಹ. ಮಿಲ್ ರೇಡಿಯೊ ಕಂಡವನಲ್ಲ. ರೇಡಿಯೊ ಪತ್ರಿಕೆಯೂ ಅಲ್ಲ, ಮನೆ ಮುಂದಿನ ಗುಂಪೂ ಅಲ್ಲ. ಕೇಳುಗರು ಲಕ್ಷ ಮನೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ, ಆದರೆ ಒಂದೇ ಗಳಿಗೆಯಲ್ಲಿ ಒಂದೇ ಮಾತಿಗೆ ಕುದಿಯುತ್ತಾರೆ. ಪಕ್ಕದಲ್ಲಿ ನಿಂತು ‘ಅದು ಸುಳ್ಳು ಕಣಯ್ಯಾ’ ಎನ್ನುವವನು ಅಲ್ಲಿಲ್ಲ. ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ರುವಾಂಡ ಸಾಕ್ಷಿ. 1993ರಲ್ಲಿ ಅಲ್ಲಿ ಆರಂಭವಾದ ಆರ್‌ಟಿಎಲ್‌ಎಂ ನಿಲಯ ಜನರನ್ನು ಗೆದ್ದದ್ದು ಜೋಕು, ಪಾಪ್ ಹಾಡು, ಸಲಿಗೆಯ ಮಾತಿನಿಂದ. ಮರುವರ್ಷದ ನರಮೇಧದಲ್ಲಿ ಅದೇ ಸಲಿಗೆಯ ದನಿ ಯಾರನ್ನು ಎಲ್ಲಿ ಹುಡುಕಬೇಕೆಂದು ಹೇಳಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅದರ ಸ್ಥಾಪಕರಲ್ಲಿ ಇಬ್ಬರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಹಾಗಾದರೆ ಕೆಣಕುವ ಮಾತೇ ಕೆಟ್ಟದ್ದೆಂದು ತೀರ್ಪು ಕೊಡಬಹುದೇ? ಕನ್ನಡದ ಧರ್ಮಚಿಂತನೆ ಹಾಗೆನ್ನಲು ಬಿಡುವುದಿಲ್ಲ. ಬಳ್ಳಿಗಾವಿ ವಚನಕಾರ ಅಲ್ಲಮನ ಊರು. ಹದಿನೈದನೆಯ ಶತಮಾನದಿಂದ ನಾಲ್ಕು ಬಾರಿ ಸಂಕಲನಗೊಂಡ ‘ಶೂನ್ಯಸಂಪಾದನೆ’ಯಲ್ಲಿ ಅವನಷ್ಟು ಕೆಣಕುವ ಇನ್ನೊಂದು ಪಾತ್ರವಿಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ, ದೇಗುಲಗಳನ್ನು ಎತ್ತಿಸುತ್ತಿದ್ದಾನೆ. ಊರಿಗೆ ಊರೇ ದೇವರಂತೆ ಕಾಣುವ ಆ ಮನುಷ್ಯನನ್ನು ಅಲ್ಲಮ ಬಂದವನೇ ಒಡ್ಡರಾಮ ಎಂದು ಕರೆಯುತ್ತಾನೆ. ಮಣ್ಣು ಹೊರುತ್ತಿದ್ದವರು ರೊಚ್ಚಿಗೆದ್ದು ಕಲ್ಲು ಬೀರುತ್ತಾರೆ. ಸಿದ್ಧರಾಮನೇ ಕೆರಳಿ ಬರುತ್ತಾನೆ, ವಾದ ಹತ್ತುತ್ತದೆ, ಕಡೆಗೆ ಇಬ್ಬರೂ ಕಲ್ಯಾಣದ ದಾರಿ ಹಿಡಿಯುತ್ತಾರೆ. ಜಾತಿಯ ಹೆಸರನ್ನು ಬೈಗುಳದಂತೆ ಬಳಸಿದ್ದು ಇಂದಿನ ಕಿವಿಗೆ ಕಟುವಾಗಿಯೇ ಕೇಳುತ್ತದೆ, ಕೇಳಬೇಕು ಕೂಡ. ಆದರೂ ಕಥೆಯ ತಿರುಳು ಅಲ್ಲಮ ನಿಂತ ಜಾಗದಲ್ಲಿದೆ. ಅವನು ಕಲ್ಲು ತಾಗುವಷ್ಟು ಹತ್ತಿರ ನಿಂತು ಕೆಣಕಿದ, ಉತ್ತರ ಬರುವವರೆಗೆ ಅಲ್ಲಿಯೇ ಇದ್ದ. ಅವನ ಮಾತು ಮರುಮಾತನ್ನು ಬೇಡುವ ಮಾತು. ಕಾಫ್ಲಿನ್ನನಿಗೆ ಬೇಕಾಗಿದ್ದದ್ದು ಒಪ್ಪಿಗೆಯ ಪತ್ರ ಮತ್ತು ಲಕೋಟೆಯಲ್ಲಿನ ಡಾಲರು.

ಮೈಲಾರದ ಕಾರ್ಣಿಕ ಇದಕ್ಕಿಂತ ಬೇರೆ ಬಗೆಯದು. ಭಾರತ ಹುಣ್ಣಿಮೆಯ ಜಾತ್ರೆಗೆ ತುಂಗಭದ್ರೆಯ ದಡದ ಆ ಕ್ಷೇತ್ರದಲ್ಲಿ ಸುತ್ತಲಿನ ಜಿಲ್ಲೆಗಳ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನರ ಗದ್ದಲ ಗಕ್ಕನೆ ನಿಲ್ಲುತ್ತದೆ. ಅವನು ಒಂದೇ ಒಂದು ನುಡಿ ನುಡಿದು ಕೆಳಕ್ಕೆ ಬೀಳುತ್ತಾನೆ. ಕೆಳಗಿದ್ದವರು ಕಂಬಳಿ ಹಿಡಿದಿರುತ್ತಾರೆ. ಮಳೆಯೋ ಬರವೋ, ಗದ್ದುಗೆ ಉಳಿಯುತ್ತದೋ ಉರುಳುತ್ತದೋ ಎಂದು ಅರ್ಥ ಹಚ್ಚುವುದು ಕೇಳಿದವರ ಪಾಲಿನ ಕೆಲಸ. ಒಂದೇ ದನಿ ಲಕ್ಷ ಕಿವಿಗೆ ಮುಟ್ಟಿದರೂ ನುಡಿದವನು ಅರ್ಥದ ಮೇಲೆ ಹಕ್ಕು ಸಾಧಿಸುವುದಿಲ್ಲ. ವರ್ಷಕ್ಕೆ ಒಂದು ವಾಕ್ಯ ಆಡುವವನಿಗೂ ಮೈಕಿನ ಮುಂದೆ ದಿನಕ್ಕೆ ಮೂರು ಗಂಟೆ ಆಡುವವನಿಗೂ ಇರುವ ಅಂತರ ಬಹುಶಃ ಇಷ್ಟೇ: ಒಬ್ಬ ಜನರಿಗೆ ಯೋಚಿಸಲು ಬಿಡುತ್ತಾನೆ, ಇನ್ನೊಬ್ಬ ಅವರ ಯೋಚನೆಯನ್ನೂ ತಾನೇ ಮುಗಿಸಿಕೊಡುತ್ತಾನೆ.

ಕಾನೂನು ಈ ಭೇದವನ್ನು ಗುರುತಿಸುವುದಿಲ್ಲ. ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಟ್ಟು, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮುಂತಾದವುಗಳ ಹೆಸರಿನಲ್ಲಿ ಸಮಂಜಸ ನಿರ್ಬಂಧಕ್ಕೂ ಎಡೆ ಇಟ್ಟಿದೆ. ಧಾರ್ಮಿಕ ಭಾವನೆಗೆ ಬುದ್ಧಿಪೂರ್ವಕವಾಗಿ ಧಕ್ಕೆ ತರುವುದನ್ನು ಶಿಕ್ಷಿಸುವ 295ಎ ಕಲಂ 1927ರದು. ಸುಪ್ರೀಂ ಕೋರ್ಟ್ 1957ರಲ್ಲಿ ಅದನ್ನು ಎತ್ತಿಹಿಡಿಯಿತು, 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಾಗಿ ಮುಂದುವರಿದಿದೆ. ಸ್ಥಾವರವನ್ನೂ ವೇದವನ್ನೂ ಕೆಣಕಿದ ಶರಣರಲ್ಲಿ ಎಷ್ಟು ಮಂದಿ ಈ ಕಲಮಿನಿಂದ ಪಾರಾಗುತ್ತಿದ್ದರೋ ಹೇಳುವುದು ಕಷ್ಟ. ಅವರ ಕುರಿತ ಬರವಣಿಗೆಯೇ ಪಾರಾಗಿಲ್ಲ. ಚನ್ನಬಸವಣ್ಣನ ಜನನದ ಕುರಿತ ಸಂಶೋಧನೆಗಾಗಿ ಎಂ.ಎಂ. ಕಲಬುರ್ಗಿ 1989ರಲ್ಲಿ ಒತ್ತಡಕ್ಕೆ ಮಣಿದು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಬಸವಣ್ಣನ ಕಾಲವನ್ನು ಕುರಿತ ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಅದನ್ನು ಪ್ರಶ್ನಿಸಿದರು, 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮವೇ ಸರಿ ಎಂದಿತು. ಕಾದಂಬರಿ ತಪ್ಪೇ ಹೇಳಿತ್ತು ಎಂದಿಟ್ಟುಕೊಂಡರೂ ಈ ಕ್ರಮದಿಂದ ತಪ್ಪನ್ನು ತಪ್ಪೆಂದು ತೋರಿಸುವ ಅವಕಾಶವೂ ಮುಚ್ಚಿಹೋಯಿತು. ಸಿಗದ ಪುಸ್ತಕಕ್ಕೆ ಉತ್ತರ ಬರೆಯುವವರು ಯಾರು? ಮೈಕನ್ನು ಒಬ್ಬನೇ ಹಿಡಿದುಕೊಂಡಾಗ ಕೇಳುಗನ ಮರುಮಾತಿಗೆ ಆಗುವ ಗತಿಯೇ ನಿಷೇಧದಲ್ಲಿ ಓದುಗನ ಮರುಮಾತಿಗೂ ಆಗುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಕಲಬುರ್ಗಿಯವರಿಗೆ ಗುಂಡಿಕ್ಕಿದವರೂ ಮರುಮಾತನ್ನು ಆಡಿದವರಲ್ಲ.

ರೇಡಿಯೊ ವಿಷಯಕ್ಕೆ ಬಂದರೆ, ಸುಪ್ರೀಂ ಕೋರ್ಟ್ 1995ರಲ್ಲಿ ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. ಸರ್ಕಾರದ್ದೂ ಅಲ್ಲ, ಕೊಂಡವರದ್ದೂ ಅಲ್ಲ. ಅನೇಕ ಅಭಿಪ್ರಾಯಗಳು ಅಲ್ಲಿ ಕೇಳಿಬರಬೇಕು ಎಂಬುದು ಅದರ ಆಶಯ. ಕಾಫ್ಲಿನ್ ಪ್ರಕರಣಕ್ಕೆ ಒಪ್ಪುವ ಉತ್ತರವೂ ಇದರೊಳಗೇ ಇದೆ: ಮಾತಾಡುವ ಹಕ್ಕು ಎಲ್ಲರದು, ಎದುರಾಳಿಯಿಲ್ಲದ ಮೈಕಿನ ಹಕ್ಕು ಯಾರದೂ ಅಲ್ಲ. ತೀರ್ಪಿನ ನಂತರ ಬಂದ ನೀತಿಗಳು ಆ ಆಶಯದ ಅರ್ಧ ದಾರಿಯಲ್ಲಿ ನಿಂತವು. ಸಮುದಾಯ ಬಾನುಲಿಗೆ ಮೊದಲು ವಿದ್ಯಾಸಂಸ್ಥೆಗಳಿಗೆ, 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಸಿಕ್ಕಿತು. ಖಾಸಗಿ ಎಫ್‌ಎಂಗೆ 2011ರ ನೀತಿ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಲು ಬಿಟ್ಟಿತು, ಅಷ್ಟೇ. ಅದೇ ಅವಧಿಯಲ್ಲಿ ಟಿವಿ ಸುದ್ದಿವಾಹಿನಿಗಳಿಗೆ ಇಂಥ ತಡೆಯಿರಲಿಲ್ಲ. ಕನ್ನಡದ ಕೆಣಕುವ ನಿರೂಪಕರು ರೇಡಿಯೊ ಬಿಟ್ಟು ಟಿವಿಯ ಪರದೆಯಲ್ಲಿ ಬೆಳೆದದ್ದು ಇದರಿಂದಲೇ.