ಎಂಟು ಸಲ ಹೆಸರು ಕೇಳಿದವನಿಗೆ

ನೀಲಲೋಹಿತನೇ, ಹುಟ್ಟಿದ ಕೂಡಲೇ ಅತ್ತವನು ನೀನು. ಹಸಿವಿಗೂ ಅಲ್ಲ, ಚಳಿಗೂ ಅಲ್ಲ. ಯಾಕೆ ಅಳುತ್ತೀ ಎಂದು ಪ್ರಜಾಪತಿ ಕೇಳಿದರೆ, ನನಗೊಂದು ಹೆಸರಿಲ್ಲ, ಹೆಸರಿಲ್ಲದವನನ್ನು ಪಾಪ ಬಿಡುವುದಿಲ್ಲ, ಹೆಸರು ಕೊಡು ಅಂದೆಯಂತೆ. ಶತಪಥ ಬ್ರಾಹ್ಮಣ ಹೇಳುವ ಕಥೆ ಇದು. ರುದ್ರ ಎಂದು ಕರೆದ. ಇದಕ್ಕಿಂತ ದೊಡ್ಡವನು ನಾನು, ಇನ್ನೊಂದು ಕೊಡು ಅಂದೆ. ಸರ್ವ ಎಂದ. ಅದೂ ಸಾಲಲಿಲ್ಲ. ಪಶುಪತಿ, ಉಗ್ರ, ಅಶನಿ, ಭವ, ಮಹಾದೇವ, ಈಶಾನ. ಎಂಟಾದ ಮೇಲೆ ಸುಮ್ಮನಾದೆ.

ನಮ್ಮ ಮನೆಗೂ ಒಂದು ಗಂಡುಕೂಸು ಬಂದಿದೆ, ಸ್ವಾಮೀ. ಮಗಳ ಮಗ. ಹೆಸರಿನ ಕಷ್ಟ ಗೊತ್ತಿರುವವನು ನೀನೆಂದೇ ನಿನ್ನ ಮುಂದೆ ಕೂತಿದ್ದೇನೆ. ಕೂಸು ಹುಟ್ಟಿದ್ದೂ ನೀನೇ ಅಧಿದೇವತೆಯಾದ ಆರ್ದ್ರಾ ನಕ್ಷತ್ರದಲ್ಲಿ, ಮೂರನೆಯ ಪಾದ. ಪುರೋಹಿತರು ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು ತೋರಿಸಿದ ಅಕ್ಷರ ‘ಙ’. ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಬಿಟ್ಟರೆ ಆ ಅಕ್ಷರದ ಹಂಗಿಗೆ ನಾವು ಬಿದ್ದೇ ಇರಲಿಲ್ಲ. ಅದರಿಂದ ಶುರುವಾಗುವ ಹೆಸರನ್ನು ಎಲ್ಲಿಂದ ತರುವುದು? “ಅಕ್ಕಪಕ್ಕದ ಪಾದಗಳ ಕು, ಘ, ಛ ಇವೆಯಲ್ಲ, ಅದಕ್ಕೇನಂತೆ” ಎಂದು ಅವರೇ ಸಮಾಧಾನ ಹೇಳಿದರು. ನಿನ್ನ ನಕ್ಷತ್ರವಾದ್ದರಿಂದ ಇದು ನಿನ್ನದೇ ತಮಾಷೆ ಎಂದುಕೊಂಡಿದ್ದೇನೆ.

ಸೂತ್ರಕಾರರನ್ನು ಕೇಳೋಣವೆಂದರೆ ಅವರದು ಬೇರೆಯೇ ಲೆಕ್ಕ. ಪಾರಸ್ಕರ ಗೃಹ್ಯಸೂತ್ರದ ಪ್ರಕಾರ ಹತ್ತನೆಯ ದಿನ ತಂದೆ ಹೆಸರಿಡಬೇಕು. ಗಂಡಾದರೆ ಎರಡಕ್ಷರ ಇಲ್ಲವೇ ನಾಲ್ಕಕ್ಷರ. ಮೊದಲಲ್ಲಿ ಗ, ಜ, ದ, ಬ ಮೊದಲಾದ ಘೋಷ ವ್ಯಂಜನ, ನಡುವೆ ಯ, ರ, ಲ, ವಗಳಲ್ಲೊಂದು. ಅಳಿಯನಿಗೂ ಎರಡಕ್ಷರದ ಹೆಸರೇ ಬೇಕು, ಆದರೆ ಅವನ ಕಾರಣ ವಿದೇಶದ ಆಫೀಸಿನವರ ನಾಲಿಗೆಗೆ ಹೊರಳಬೇಕು ಎಂಬುದು. ಸೂತ್ರಕ್ಕೂ ಅಳಿಯನಿಗೂ ತಾಳೆಯಾದದ್ದು ಅದೊಂದೇ ಜಾಗದಲ್ಲಿ. ಅವನ ಫೋನಿನ ಪಟ್ಟಿಯಲ್ಲಿ ಒಂದೊಂದು ಹೆಸರಿನ ಮುಂದೆಯೂ ಅರ್ಥ ಬರೆದಿದೆ: ದೇವರು ಕೊಟ್ಟವನು, ಅಜೇಯ, ತೇಜಸ್ವಿ, ಮತ್ತೆ ದೇವರು ಕೊಟ್ಟವನು. ಸೋತವನು, ಸುಸ್ತಾದವನು, ಅಪ್ಪನನ್ನು ಪ್ರಶ್ನೆ ಕೇಳಿದವನು ಒಬ್ಬನೂ ಇಲ್ಲ.

ಹಳೆಯ ಕಥೆಗಳಲ್ಲಿ ಹೀಗಿರಲಿಲ್ಲ, ತಂದೇ. ಕೂಸಿಗೆ ಏನಾಯಿತೋ ಅದೇ ಹೆಸರಾಗುತ್ತಿತ್ತು. ಯುವನಾಶ್ವ ರಾಜ ರಾತ್ರಿ ಬಾಯಾರಿಕೆ ತಡೆಯದೆ, ಹೆಂಡತಿಗೆಂದು ಮಂತ್ರಿಸಿಟ್ಟಿದ್ದ ನೀರನ್ನು ತಾನೇ ಕುಡಿದುಬಿಟ್ಟ. ಮಗು ಅವನ ಪಕ್ಕೆಯಿಂದಲೇ ಹುಟ್ಟಿತು. ಹುಟ್ಟಿತೇನೋ ಸರಿ, ಹಾಲು ಯಾರು ಕೊಡಬೇಕು? ಇಂದ್ರ ತನ್ನ ತೋರುಬೆರಳನ್ನು ಅದರ ಬಾಯಿಗಿಟ್ಟು, ಇವನು ನನ್ನನ್ನೇ ಕುಡಿಯುತ್ತಾನೆ ಅಂದ. ಆ ಮಾತೇ ಮಾಂಧಾತ ಎಂಬ ಹೆಸರಾಯಿತು. ಚಕ್ರವರ್ತಿಯ ಹೆಸರಿನೊಳಗೆ ಇರುವುದು ಹಾಲಿಲ್ಲದ ಒಂದು ಬಾಯಿ ಮತ್ತು ಒಂದು ಬೆರಳು. ಅಷ್ಟಾವಕ್ರನೋ, ತಾಯಿಯ ಹೊಟ್ಟೆಯಲ್ಲಿದ್ದೇ ತಂದೆಯ ವೇದಪಾಠದಲ್ಲಿ ತಪ್ಪು ಹುಡುಕಿದ; ತಂದೆಯ ಶಾಪದಿಂದ ಮೈ ಎಂಟು ಕಡೆ ಡೊಂಕಾಯಿತು. ಮುಂದೆ ಅದೇ ಮಗ ಜನಕನ ಸಭೆಯಲ್ಲಿ ವಂದಿಯೆಂಬ ಪಂಡಿತನನ್ನು ವಾದದಲ್ಲಿ ಸೋಲಿಸಿ, ಅವನಿಗೆ ಸೋತು ನೀರುಪಾಲಾಗಿದ್ದ ತಂದೆಯನ್ನು ಬಿಡಿಸಿ ತಂದ. ಸಮಂಗಾ ನದಿಯಲ್ಲಿ ಮುಳುಗೆದ್ದಾಗ ಡೊಂಕು ನೆಟ್ಟಗಾಯಿತೆಂದು ಮಹಾಭಾರತ ಹೇಳುತ್ತದೆ. ಹೆಸರು ಮಾತ್ರ ಡೊಂಕಾಗಿಯೇ ಉಳಿಯಿತು. ವಿಭೀಷಣ ಎಂದರೆ ಭಯ ಹುಟ್ಟಿಸುವವನು. ಲಂಕೆಯಲ್ಲಿ ಅವನಿಗೆ ಯಾರು ಹೆದರಿದರೋ ನಿನಗೇ ಗೊತ್ತು.

ಶುನಃಶೇಪನನ್ನಂತೂ ನೆನೆಯದೆ ಈ ನಿವೇದನೆ ಮುಗಿಯದು. ಅಜೀಗರ್ತನೆಂಬ ಬಡವ ತನ್ನ ಮೂರು ಗಂಡುಮಕ್ಕಳಿಗೂ ನಾಯಿಬಾಲ ಎಂಬರ್ಥದ ಹೆಸರನ್ನೇ ಇಟ್ಟಿದ್ದ: ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಹರಿಶ್ಚಂದ್ರನ ಮಗನ ಬದಲಿಗೆ ಬಲಿಗೊಬ್ಬ ಬೇಕಾದಾಗ ದೊಡ್ಡವನನ್ನು ತಂದೆ ಹಿಡಿದುಕೊಂಡ, ಚಿಕ್ಕವನನ್ನು ತಾಯಿ ಅಪ್ಪಿಕೊಂಡಳು, ನಡುವಿನವನು 100 ಹಸುವಿಗೆ ಮಾರಾಟವಾದ. ಯೂಪಕ್ಕೆ ಕಟ್ಟಲು ಯಾರೂ ಮುಂದೆ ಬರಲಿಲ್ಲ. ಇನ್ನೊಂದು 100ಕ್ಕೆ ಅಪ್ಪನೇ ಕಟ್ಟಿದ. ಕಡಿಯಲು ಮತ್ತೊಂದು 100 ಪಡೆದು ಕತ್ತಿಯನ್ನೂ ಮಸೆದು ಬಂದ. ಹುಡುಗ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಕೂಗುತ್ತಾ ಹೋದ, ಉಷೆಯ ಹೊತ್ತಿಗೆ ಕಟ್ಟು ಕಳಚಿತು. ಅಪ್ಪ ಮತ್ತೆ ಕರೆದರೆ ಹೋಗದೆ ವಿಶ್ವಾಮಿತ್ರನ ಮಗನಾದ. ಆಗ ಬಂದ ಹೊಸ ಹೆಸರು ದೇವರಾತ, ದೇವರು ಕೊಟ್ಟವನು. ಅಳಿಯನ ಪಟ್ಟಿಯಲ್ಲಿ ಪುಟಕ್ಕೆ ನಾಲ್ಕು ಸಲ ಬರುವ ಆ ಅರ್ಥ ಒಬ್ಬ ಹುಡುಗನಿಗೆ ದಕ್ಕಿದ್ದು ಬಲಿಗಂಬದಿಂದ ಇಳಿದ ಮೇಲೆ.

ಹೆಸರಿನಲ್ಲೇ ಮನುಷ್ಯರನ್ನು ತುಳಿದದ್ದನ್ನೂ ನಿನ್ನಲ್ಲಿ ಹೇಳಿಕೊಳ್ಳಬೇಕು. ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನಿಗೆ ಮಂಗಳದ ಹೆಸರು, ಕ್ಷತ್ರಿಯನಿಗೆ ಬಲದ್ದು, ವೈಶ್ಯನಿಗೆ ಹಣದ್ದು, ಶೂದ್ರನಿಗೆ ಹೇಸಿಗೆಯದ್ದು ಎಂದು ಹಂಚಿಬಿಟ್ಟಿತು. ಆದರೆ ನಮ್ಮ ಬಯಲುಸೀಮೆಯ ತಾಯಂದಿರು ಹೇಸಿಗೆಯ ಹೆಸರನ್ನು ತಾವೇ ಕೈಗೆತ್ತಿಕೊಂಡು ಬೇರೆ ಕೆಲಸಕ್ಕೆ ಹಚ್ಚಿದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆ ಯಾರದೋ ಕೂಸೆಂಬಂತೆ ಎತ್ತಿಕೊಂಡು ಬಂದು ತಿಪ್ಪಣ್ಣ ಎಂದು ಕರೆದರು. ಸಾವಿಗೆ ಇವನು ಬೇಡವಾಗಲಿ ಎಂದು. ಆ ತಾಯಿ ಬೇಡಿದ್ದೂ ನೀನು ಪ್ರಜಾಪತಿಯನ್ನು ಬೇಡಿದ್ದೂ ಒಂದೇ ಅಲ್ಲವೇ, ಮೈಮೇಲೊಂದು ರಕ್ಷೆ? ಚಿತ್ರದುರ್ಗದ ಕಡೆ, ನಾಯಕನಹಟ್ಟಿಯಲ್ಲಿ, ತಿಪ್ಪೆಯೂ ನೀನೂ ಒಂದೇ ಹೆಸರಿನಲ್ಲಿ ಕೂಡಿದ್ದೀರಿ, ತಿಪ್ಪೇರುದ್ರಸ್ವಾಮಿಯಾಗಿ. ಜಾತ್ರೆಯಲ್ಲಿ ತೇರು ಎಳೆಯುವವರೊಳಗೆ ತಿಪ್ಪೇಸ್ವಾಮಿ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೋ. ಅಳಿಯನ ಪಟ್ಟಿಗೆ ಈ ಹೆಸರು ಸೇರಿಸಲು ನನಗೆ ಧೈರ್ಯವಿಲ್ಲ. ಆದರೆ ಅಜೇಯ ಎಂಬುದಕ್ಕಿಂತ ಇದರಲ್ಲಿ ಪ್ರೀತಿ ಹೆಚ್ಚಿದೆ ಎಂದೇ ನನ್ನ ಎಣಿಕೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಟ್ಟೆಯ ಅಕ್ಕಿಯ ಮೇಲೆ ಅಪ್ಪ ಚಿನ್ನದ ಉಂಗುರದಿಂದ ಹೆಸರು ಬರೆಯುವಾಗ, ತನ್ನ ಕೈತಪ್ಪಿದ ಆಸೆಗಳನ್ನೂ ಜೊತೆಗೆ ಬರೆಯದಿರಲಿ. ಗೆಲ್ಲುವವನು ಎಂದು ಹೆಸರಿಟ್ಟು, ಸೋತು ಬಂದ ದಿನ ಆ ಹೆಸರು ಹಿಡಿದೇ ಹಂಗಿಸುವ ಮನೆ ನಮ್ಮದಾಗದಿರಲಿ. ಅಕ್ಕಿಯಲ್ಲಿ ಬರೆದದ್ದನ್ನು ಅಂಗೈ ಸವರಿದರೆ ಅಳಿಸಿಬಿಡಬಹುದು. ಅಷ್ಟು ಸಡಿಲವಾಗಿಯೇ ಇರಲಿ. ಇದಕ್ಕಿಂತ ದೊಡ್ಡವನು ನಾನು ಎಂದು ಅವನೊಂದು ದಿನ ಅಂದರೆ ನಮಗೆ ಸಿಟ್ಟು ಬಾರದಿರಲಿ. ಬೀಗರಿಗೆ ತೀರಿಹೋದ ತಮ್ಮ ತಂದೆಯ ಹೆಸರನ್ನಿಡುವ ಆಸೆ, ಅವರನ್ನೂ ನೋಯಿಸಬೇಡ. ಹಾಗೇನಾದರೂ ಆದರೆ ನನ್ನ ಮಗಳು ಹಿರಿಯರ ಹೆಸರು ಹಿಡಿದು ಗದರಲಾರದೆ ಪುಟ್ಟಾ, ಗುಂಡಾ ಎಂದೇ ಕರೆದಾಳು. ಕೂಸಿಗೆ ಅದರಿಂದ ಲಾಭವೇ.

ಸರ್ಕಾರ ನಮಗಿಂತ ತಾಳ್ಮೆಯದು. ಜನನ ನೋಂದಣಿಯಾಗಿ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಈ ಮಾತನ್ನು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಅಳಿಯ ಇನ್ನೂ 15 ವರ್ಷ ಪಟ್ಟಿ ಓದುತ್ತಾನೆ. ನಾಮಕರಣ ಈ ಗುರುವಾರ, ಹತ್ತೂವರೆಗೆ ಮುಹೂರ್ತ. ಊಟಕ್ಕೆ ಹೋಳಿಗೆ ಹೇಳಿಯಾಗಿದೆ. ಅಷ್ಟರೊಳಗೆ ಮನೆಯವರೆಲ್ಲರ ಬಾಯಲ್ಲೂ ಒಂದೇ ಹೆಸರು ಬರುವ ಹಾಗೆ ಮಾಡು, ಮಹಾದೇವಾ. ‘ಙ’ ಒಂದು ಬಿಟ್ಟು ಯಾವ ಅಕ್ಷರವಾದರೂ ಸರಿ.